ಎಂಟನೇ ಗೂಡಿನ ಚಿಪ್

ಮದುವೆಯ ಹೊಸತರಲ್ಲಿ ಮಾವನವರೆದುರು ‘ಎಂಥ ಕಂಪ್ಯೂಟರ್ ಕೆಟ್ಟರೂ ನನ್ನ ಹತ್ತಿರ ತನ್ನಿ’ ಎಂದು ಕೊಚ್ಚಿಕೊಂಡವನು ನಾನೇ. (ಆಫೀಸಿನಲ್ಲಿ ನನ್ನ ಕೆಲಸ ಪ್ರಿಂಟರಿಗೆ ಕಾಗದ ತುಂಬುವುದಕ್ಕಿಂತ ತುಸು ಮೇಲಿನದು, ಅಷ್ಟೆ.) ಹಾಗಾಗಿ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ, ತಮ್ಮ ಪುರಾತನ ಕಂಪ್ಯೂಟರನ್ನು ಮಗುವಿನಂತೆ ಎದೆಗವಚಿಕೊಂಡು ಮಾವ ನಿಂತಿದ್ದರೆ ದೂರುವುದಾದರೂ ಯಾರನ್ನು?

“ಇದ್ದಕ್ಕಿದ್ದಂಗೆ ಉಸಿರು ನಿಲ್ಲಿಸಿಬಿಡ್ತು ಅಳಿಯಂದ್ರೇ. ಇದು ಸರಿಹೋಗೋ ತನಕ ನಾನು ಇಲ್ಲಿಂದ ಕದಲೋನಲ್ಲ.”

ಕದಲಲೂ ಇಲ್ಲ. ನಮ್ಮದು ಒಂದು ಕೋಣೆ, ಒಂದು ಹಾಲ್. ಸೋಫಾ, ಫ್ಯಾನು, ರಿಮೋಟು ಸಮೇತ ಹಾಲ್ ಅವರ ಸಾಮ್ರಾಜ್ಯಕ್ಕೆ ಸೇರಿತು. ಪದಚ್ಯುತನಾದ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಆಸೀನನಾದೆ.

ಕಂಪ್ಯೂಟರಿನ ಮುಚ್ಚಳ ಬಿಚ್ಚಿ ನೋಡಿದೆ. ಮೆಮೊರಿ ಚಿಪ್ ಕೂರುವ ಎಂಟು ಗೂಡುಗಳಲ್ಲಿ ಏಳು ತುಂಬಿದ್ದವು; ಎಂಟನೆಯದು ಉದುರಿದ ಹಲ್ಲಿನ ಜಾಗದಂತೆ ಖಾಲಿ. ಬಸ್ಸಿನ ಕುಲುಕಾಟಕ್ಕೆ ಎಲ್ಲೋ ಬಿದ್ದಿರಬೇಕೆಂದು ತೀರ್ಪು ಕೊಟ್ಟೆ.

“ಬಸ್ ಹತ್ತೋ ಮೊದ್ಲೇ ಕೆಟ್ಟಿತ್ತಲ್ಲ?” ಎಂದಳು ಹೆಂಡತಿ. ತಜ್ಞರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ರಿಪೇರಿ ಅಂಗಡಿಯವನು ಮಾದರಿಗೆ ಒಯ್ದ ಚಿಪ್‌ನ ನಂಬರ್ ನೋಡಿ, ನನ್ನನ್ನು ನೋಡಿ, ಅದು ತಾನು ಹುಟ್ಟುವುದಕ್ಕೂ ಮುಂಚಿನದೆಂದು ಕೈಮುಗಿದ. ಗುಜರಿಯವನು ಒಂದು ಚೀಲ ಹಳೇ ಚಿಪ್ ಸುರಿದ. ಅರ್ಧ ದಿನ ಕೆದಕಿ ಅದೇ ನಂಬರಿನದೊಂದನ್ನು ಹಿಡಿದೆ. ಉಗುರಿನಿಂದ ಕೆರೆದರೆ ನಂಬರೇ ಎದ್ದುಬಂತು. ಅಡಿಯಲ್ಲಿ ಬೇರೊಂದು ನಂಬರ್! ನಕಲಿ ಮಾಲು.

ಕೊನೆಗೆ ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ದರ್ಶನವಾಯಿತು. ಅದೇ ಕಂಪನಿ, ಅದೇ ನಂಬರ್, ನಮ್ಮ ಏಳಕ್ಕೆ ಒಡಹುಟ್ಟಿದಂತಿತ್ತು. ಮಾರುವವರು ತಮ್ಮನ್ನು ‘ನೆಮ್ಮದಿ’ ಎಂದು ಕರೆದುಕೊಂಡಿದ್ದರು. ಯಾಕೆ ಬೇಕೆಂದು ಕೇಳಿದರು. ಅಷ್ಟು ಸಾಕಾಯಿತು, ಗೋಳು ತೋಡಿಕೊಂಡೆ. ಮಾವ ಹಾಲ್ ಆಕ್ರಮಿಸಿದ್ದು, ಅವರ ಗೊರಕೆಗೆ ಕಿಟಕಿ ಗಾಜು ಅದುರುವುದು, ಅವರನ್ನು ಕಟ್ಟಿಕೊಂಡ ಮಹಾತಾಯಿ ಇಷ್ಟು ವರ್ಷ ಹೇಗೆ ಸಹಿಸಿದರೋ ಎಂಬ ನನ್ನ ವಿಸ್ಮಯ, ಎಲ್ಲವನ್ನೂ ಬರೆದೆ. ‘ಅಯ್ಯೋ ಪಾಪ, ವಿಳಾಸ ಕಳಿಸಿ’ ಎಂದು ಉತ್ತರ ಬಂತು. ಕಳಿಸಿದೆ.

ಭಾನುವಾರ, ಮಾವ ಸ್ನಾನಕ್ಕಿಳಿದ ಹೊತ್ತಿಗೆ ಕರೆಗಂಟೆ ಮೊಳಗಿತು. ಕೊರಿಯರ್ ಬಂತೆಂದು ಓಡಿದೆ.

ಬಾಗಿಲಲ್ಲಿ ಅತ್ತೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಪುಟ್ಟ ಡಬ್ಬಿ.

“ಕೊರಿಯರ್ ದಂಡ ಯಾಕೆ ಅಂತ ನಾನೇ ತಂದೆ,” ಎಂದು ಡಬ್ಬಿ ತೆರೆದರು. ಹತ್ತಿಯ ಮೇಲೆ ಚಿಪ್ ಪವಡಿಸಿತ್ತು.

“‘ನೆಮ್ಮದಿ’ ಅಂದ್ರೆ ನೀವಾ?” ಎಂದೆ.

“ನಾನೇ. ಹೇರ್‌ಪಿನ್ನಲ್ಲಿ ಮೀಟಿದ್ದು. ಬೆಳಗಾದ್ರೆ ಇವರದು ಕಂಪ್ಯೂಟರ್ ಮುಂದೆ ಕೂತು ಆಟ. ನನ್ ಜೊತೆ ನಾಲ್ಕು ಮಾತಾಡ್ಲಿ ಅಂತ ತೆಗೆದ್ರೆ, ಅದನ್ನೇ ಎತ್ಕೊಂಡು ಇಲ್ಲಿಗೆ ಬಂದ್ರು. ಮನೇಲಿದ್ರೆ ಹುಡುಕಿಬಿಡ್ತಾರೆ ಅಂತ ಮಾರಕ್ಕೆ ಹಾಕಿದ್ದೆ.” ಅತ್ತೆ ದನಿ ತಗ್ಗಿಸಿದರು. “ಇದನ್ನ ಕಂಪ್ಯೂಟರ್‌ಗೆ ಹಾಕೋದೂ ಬಿಡೋದೂ ನಿಮ್ಮಿಷ್ಟ. ಹಾಕಿದ್ರೆ ಮಾತ್ರ, ನೀವು ಬರೆದಿದ್ದು ಅಷ್ಟನ್ನೂ ಅವರಿಗೆ ಓದಿ ಹೇಳ್ತೀನಿ. ಗೊರಕೆ ಸಮೇತ.”

ಡಬ್ಬಿ ನನ್ನ ಕೈಗೆ ಬಂತು. ಸೂಟ್‌ಕೇಸನ್ನು ಹೆಂಡತಿ ಸಂಭ್ರಮದಿಂದ ಒಯ್ದು ನಮ್ಮ ಮಂಚದ ಕೆಳಗೆ ತಳ್ಳಿದಳು. ಉಳಿದಿದ್ದ ಒಂದು ಕೋಣೆಯೂ ಹೋಯಿತು.

ಬಚ್ಚಲಿನಿಂದ ಮಾವ ಕೂಗಿದರು: “ಅಳಿಯಂದ್ರೇ, ಚಿಪ್ ಬಂತಾ?”

ಮುಷ್ಟಿಯಲ್ಲಿ ಚಿಪ್‌ನ ಕಾಲುಗಳು ಚುಚ್ಚುತ್ತಿದ್ದವು. ಅತ್ತೆ ಫೋನು ಕೈಗೆತ್ತಿಕೊಂಡು ಕನ್ನಡಕ ಹುಡುಕುತ್ತಿದ್ದರು.

“ಇಲ್ಲ ಮಾವ. ಅದನ್ನ ತಯಾರು ಮಾಡೋದೇ ನಿಲ್ಲಿಸಿದ್ದಾರಂತೆ.”

“ಇರ್ಲಿ ಬಿಡಿ,” ಎಂದಿತು ಒಳಗಿನ ದನಿ. “ನಂಗೇನೂ ಅವಸರ ಇಲ್ಲ.”