ಧೂಳಿನ ಬಣ್ಣದ ಕಾರು

ಬಿಳಿ ಕಾರು ಕೊಳ್ಳುವವರಿಗೆ ನನ್ನದೊಂದು ವಿನಂತಿ: ಮೊದಲು ನಿಮ್ಮ ಊರಿನ ಧೂಳು ಯಾವ ಬಣ್ಣದ್ದೆಂದು ನೋಡಿಕೊಳ್ಳಿ. ನಾನು ನೋಡಲಿಲ್ಲ. ಕೊಂಕಣಿ ಸೀಮೆಯ ಸಾಂಗೆಗೆ ಬಂದು ಲಾರಿ ಟೈರಿನ ಅಂಗಡಿ ಇಟ್ಟುಕೊಂಡು, ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳನ್ನೇ ಉಸಿರಾಡುತ್ತಿದ್ದವನು ಬ್ಯಾಂಕಿನ ಸಾಲದಲ್ಲಿ ಹಾಲಿನಂಥ ಬಿಳಿ ಕಾರು ತಂದೆ. ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಕೆಂಪು. ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುವುದೇ ಅಪರೂಪ. ನಾನು ಬಕೆಟ್ ಎತ್ತಿದರೆ ಹೆಂಡತಿ ಗಂಗವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಕಾರಿಗೆ ಜಳಕಾ ಮಾಡಸ್ತೀರಿ, ನಿಮ್ಮ ಅಂಗಿ ಒಗ್ಯಾಕ ನೀರ್ ಎಲ್ಲಿಂದ ತರ್ಲಿ? ಈ ಮನ್ಯಾಗ ಒಂದು ಕಾರ್ ಇರಬೇಕು, ಇಲ್ಲಾ ನಾ ಇರಬೇಕು ನೋಡ್ರಿ!" ನನಗೆ ಇಬ್ಬರೂ ಬೇಕಾಗಿದ್ದರು. ಕಾರಿಗೆ ಧೂಳಿನ ಬಣ್ಣವನ್ನೇ ಬಳಿಸಿಬಿಡುವುದೆಂದು ಹಟ ತೊಟ್ಟೆ.

ಅದು ಗೋಡೆಗೆ ಸುಣ್ಣ ಹೊಡೆದಷ್ಟೇ ಸುಲಭವೆಂದುಕೊಂಡಿದ್ದೆ. ಸಾರಿಗೆ ಕಚೇರಿಯ ಅಧಿಕಾರಿ ಕೊಂಕಣಿಯಲ್ಲಿ ಸಮಾಧಾನವಾಗಿ ತಿಳಿಸಿದರು. ಆರ್‌ಸಿಯಲ್ಲಿ ಬಿಳಿ ಎಂದಿದ್ದರೆ ಕಾರು ಬಿಳಿಯೇ ಇರಬೇಕು. ಬದಲಿಸುವುದಾದರೆ ಮೊದಲು ಅರ್ಜಿ, ಜೊತೆಗೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ. ಅನುಮತಿ ಸಿಕ್ಕ ಮೇಲೆ ಬಣ್ಣ. ಆಮೇಲೆ ಕಾರನ್ನು ತಂದು ತೋರಿಸಿ ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಬೇಕು. ಬ್ಯಾಂಕಿನ ಮ್ಯಾನೇಜರು ನಮ್ಮ ಊರ ಕಡೆಯವರೇ, ಆದರೂ ಅವರಿಗೆ ನನ್ನ ಮೇಲೇ ಗುಮಾನಿ. ಸಾಲ ತಪ್ಪಿಸಲು ಕಾರಿಗೆ ವೇಷ ಹಾಕಿಸುತ್ತಿದ್ದೇನೆ ಎಂದುಕೊಂಡರೋ ಏನೋ, "ಖರೇ ಕಾರಣ ಹೇಳ್ರಿ" ಎಂದರು. "ಖರೇ ಕಾರಣ ಮನ್ಯಾಗ ಅದಾಳ್ರಿ" ಎಂದೆ. ಅವರೂ ಸಂಸಾರಸ್ಥರು, ಸಹಿ ಹಾಕಿದರು.

ಅನುಮತಿ ಬಂದದ್ದೇ ತಡ, ರಸ್ತೆಯ ಧೂಳನ್ನು ಒಂದು ಹಿಡಿ ಪೊಟ್ಟಣ ಕಟ್ಟಿಕೊಂಡು ಫಾತೋರ್ಡಾದ ಪೇಂಟರನ ಬಳಿ ಹೋದೆ. ಅವನು ನಕ್ಕರೂ ಬಣ್ಣವನ್ನು ಮಾತ್ರ ತದ್ರೂಪು ಕೂಡಿಸಿದ. ತಪಾಸಣೆಯ ದಿನ ಅಧಿಕಾರಿ ಬಾನೆಟ್ ಮೇಲೆ ಬೆರಳೆಳೆದರು. ಬೆರಳು ಕೆಂಪಾಯಿತು. "ಇದರಲ್ಲಿ ಬಣ್ಣ ಯಾವುದು, ಧೂಳು ಯಾವುದು? ತೊಳೆದು ತನ್ನಿ" ಎಂದರು. ತೊಳೆಯಬಾರದೆಂದು ಇಷ್ಟೆಲ್ಲ ಮಾಡಿದವನು ಅಂಗಡಿಯಿಂದ ನೀರಿನ ಬಾಟಲಿ ಕೊಂಡು ತಂದು ತೊಳೆದೆ. ಅಂತೂ ಆರ್‌ಸಿಯಲ್ಲಿ ಹೊಸ ಬಣ್ಣ ದಾಖಲಾಯಿತು.

ಮುಂದೆ ಕೆಲವು ವಾರ ಮನೆಯಲ್ಲಿ ನಾನೇ ರಾಜ. ಆಮೇಲೆ ದಾಬೋಲಿಮ್‌ನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋದೆವು. ಗಂಗವ್ವ ಕಾರಿಗೆ ಒರಗಿ ನಿಂತು ಎಲ್ಲರನ್ನೂ ಮಾತಾಡಿಸಿ ಒಳಗೆ ನಡೆದಾಗ, ಅವಳ ಹೊಸ ರೇಷ್ಮೆ ಸೀರೆಯ ಬೆನ್ನೆಲ್ಲ ಕೆಂಪು. "ಬಿಳೀದಿದ್ದಾಗ ಹೊಲಸ ಕಾಣ್ತಿತ್ತು, ದೂರ ನಿಲ್ತಿದ್ವಿ. ಈಗ ಹೆಂಗ್ ಗೊತ್ತಾಗಬೇಕ್ರಿ?" ಎಂದು ಅತ್ತೇಬಿಟ್ಟಳು.

ಈಗ ಧೂಳಿದೆಯೋ ಇಲ್ಲವೋ ಎಂಬ ಬರೀ ಅನುಮಾನಕ್ಕೇ ದಿನಾ ಕಾರು ತೊಳೆಯುತ್ತೇನೆ. ನೀರು ತುಂಬಿಸಿ ಕೈಗೆ ಕೊಡುವವಳು ಗಂಗವ್ವ; ಹಟ ಗೆದ್ದವನು ನಾನು.