ಡಾಕ್ಟರಾಗುವವಳ ಪಿಂಗಾಣಿ ವ್ಯಾಪಾರ

ಅರ್ಮಿಂದೊ: ಹಳೇ ತಟ್ಟೆ ಮಾರ್ತೀನಿ ಅಂತ ಬರೀತೀಯಾ? ಡಾಕ್ಟರ್ ಓದೋ ಅರ್ಜೀಲಿ?

ನತಾಲಿಯ: ಹಾಗೆ ಬರೆದಿಲ್ಲಪ್ಪ. ‘ಆನ್‌ಲೈನ್ ಮರುಮಾರಾಟ ಉದ್ಯಮ, ಸ್ಥಾಪಕಿ’ ಅಂತ ಬರೆದಿದೀನಿ.

ಅರ್ಮಿಂದೊ: ಸ್ಥಾಪಕಿ! ಎಲ್ಲಮ್ಮಾ ಸ್ಥಾಪನೆ ಮಾಡಿದ್ದು? ನನ್ನ ಮಂಚದ ಕೆಳಗೆ! ಮಗ್ಗುಲು ತಿರುಗಿದ್ರೆ ಸಾಸರು ಸದ್ದು ಮಾಡುತ್ತೆ.

ಲೂರ್ದಿಸ್: ಅದು ಸಾಸರಲ್ಲ, ನಿನ್ನ ಮಂಡಿ.

ಪೋರ್ಚುಗಲ್‌ನಿಂದ ಬಂದವರೇ ಹೆಚ್ಚಿರುವ ಅಮೆರಿಕದ ಫಾಲ್ ರಿವರ್ ಊರಿನ ಮೂರಂತಸ್ತಿನ ಮರದ ಮನೆ. ನಡುವಿನ ಅಂತಸ್ತಿನ ಅಡುಗೆಮನೆಯಲ್ಲಿ ಕೇಲ್ ಸೊಪ್ಪಿನ ಸೂಪು ಆರುತ್ತಿತ್ತು. ಮೇಜಿನ ಒಂದು ತುದಿಯಲ್ಲಿ ಕ್ಷೌರದಂಗಡಿಯ ಅರ್ಮಿಂದೊ, ಇನ್ನೊಂದು ತುದಿಯಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಲೂರ್ದಿಸ್. ನಡುವೆ ಲ್ಯಾಪ್‌ಟಾಪ್, ಅದರ ಹಿಂದೆ ಮಗಳು ನತಾಲಿಯ. ಹೋದ ವರ್ಷ ಅವಳು ಎಷ್ಟು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದಳೋ ಅಷ್ಟೂ ಕಡೆಯಿಂದ ‘ಕ್ಷಮಿಸಿ’ ಅಂತ ಬಂದಿತ್ತು. ಈ ಸಲವೂ ಹಾಗೇ ಆದರೆ ಆಸೆ ಬಿಟ್ಟುಬಿಡುತ್ತೇನೆ ಎಂದು ಅವಳು ಅಮ್ಮನ ಹತ್ತಿರ ಮಾತ್ರ ಹೇಳಿದ್ದಳು. ಅಮ್ಮ ಅದೇ ದಿನ ಅಪ್ಪನಿಗೆ ಹೇಳಿಯಾಗಿತ್ತು.

ಅರ್ಮಿಂದೊ: ನನ್ನ ಕುರ್ಚೀಲಿ ಕೂತೋರಿಗೆಲ್ಲ ಹೇಳಿದೀನಿ, ಮಗಳು ಡಾಕ್ಟರ್ ಆಗ್ತಾಳೆ ಅಂತ.

ಲೂರ್ದಿಸ್: ಅವರೂ ಒಪ್ಕೊಂಡ್ರು. ಕತ್ತಿ ಗಂಟಲ ಹತ್ರ ಇದ್ದಾಗ ಯಾರು ತಾನೇ ಇಲ್ಲ ಅಂತಾರೆ?

ನತಾಲಿಯ: ಅಪ್ಪ, ಆಸ್ಪತ್ರೇಲಿ ಗಾಲಿಕುರ್ಚಿ ತಳ್ಳಿದ್ದು ಬರೆದಾಯ್ತು. ಪ್ರಯೋಗಾಲಯದಲ್ಲಿ ಇಲಿ ನೋಡ್ಕೊಂಡಿದ್ದು ಬರೆದಾಯ್ತು. ಎಲ್ಲರೂ ಗಾಲಿಕುರ್ಚಿ ತಳ್ಳಿರ್ತಾರೆ, ಎಲ್ಲರೂ ಇಲಿ ಸಾಕಿರ್ತಾರೆ. ಹೋದ ವರ್ಷ ನಾನೂ ಆ ಗುಂಪಲ್ಲೇ ಕಳೆದುಹೋದೆ. ಅರ್ಜೀಲಿ ಇನ್ನೊಂದು ಜಾಗ ಖಾಲಿ ಇದೆ.

ಅರ್ಮಿಂದೊ: ಖಾಲಿ ಇದ್ರೆ ನನ್ನಂಗಡೀಲಿ ಕೂದಲು ಗುಡಿಸಿದ್ದು ಬರಿ. ಹಿಂದಿನ ಕಾಲದಲ್ಲಿ ಕ್ಷೌರಿಕರೇ ಆಪರೇಷನ್ ಮಾಡ್ತಿದ್ರು, ಗೊತ್ತಾ?

ಲೂರ್ದಿಸ್: ಅದಕ್ಕೇ ಹಿಂದಿನ ಕಾಲದೋರು ಬೇಗ ಸಾಯ್ತಿದ್ರು. ನೀನು ಚರ್ಚಿನ ಹಬ್ಬಕ್ಕೆ ನನ್ನ ಜೊತೆ ಸಿಹಿ ಬ್ರೆಡ್ಡಿಗೆ ಹಿಟ್ಟು ನಾದಿದ್ದು ಬರಿ ಮಗಾ. ಹಿಟ್ಟು ನಾದೋ ಕೈಗೆ ಬಡಿತ ನಿಂತ ಎದೆ ಒತ್ತೋದು ಏನು ಕಷ್ಟ?

ಲೂರ್ದಿಸ್ ಕನ್ನಡಕ ಏರಿಸಿಕೊಂಡು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದತೊಡಗಿದಳು.

ಲೂರ್ದಿಸ್: ‘ಕಿವಿ ಮುರಿದವು, ಕುತ್ತಿಗೆ ಬಿರುಕು ಬಿಟ್ಟವು, ಬುಡ ಅಲುಗಾಡುವವು, ಎಲ್ಲವನ್ನೂ ನಾನು ನನ್ನ ಕೈಯಾರೆ ಜೋಡಿಸಿದ್ದೇನೆ.’ ದೇವರೇ! ಯಾವ ಆಸ್ಪತ್ರೇಲೇ? ಓದೋಕೆ ಮುಂಚೇನೇ ಮಾಡೋಕೆ ಬಿಡ್ತಾರಾ?

ನತಾಲಿಯ: ಕಪ್ಪಿನ ಕಿವಿ ಅಮ್ಮ. ಹೂದಾನಿ ಕುತ್ತಿಗೆ.

ಅರ್ಮಿಂದೊ: ಇರು ಇರು. ಕಪ್ಪು ಅಂತ ಎಲ್ಲಿ ಬರೆದಿದೀಯ?

ನತಾಲಿಯ: ಕೆಳಗಿನ ಸಾಲಲ್ಲಿ.

ಅರ್ಮಿಂದೊ: ಅದನ್ನ ಅಳಿಸು! ಮೇಲಿನ ಸಾಲು ಮಾತ್ರ ಇರಲಿ. ಇಷ್ಟು ಚೆನ್ನಾಗಿ ಬರೀತೀಯ ಅಂತ ಗೊತ್ತೇ ಇರಲಿಲ್ಲ ನಂಗೆ.

ನತಾಲಿಯ: ಅದು ಮೋಸ ಅಪ್ಪ.

ಅರ್ಮಿಂದೊ: ಮೋಸ ಹೇಗೆ? ಕಿವಿ ಮುರಿದಿದ್ದು ನಿಜ, ನೀನು ಜೋಡಿಸಿದ್ದು ನಿಜ. ಯಾರ ಕಿವಿ ಅಂತ ಅವರು ಕೇಳಿದ್ರೆ ಆಮೇಲೆ ನೋಡ್ಕೊಳ್ಳೋಣ.

ಲೂರ್ದಿಸ್: ಕೇಳೇ ಕೇಳ್ತಾರೆ. ಡಾಕ್ಟರು ಕಣಯ್ಯಾ, ಕಿವಿ ವಿಷಯ ಕೇಳದೆ ಬಿಡ್ತಾರಾ?

ಅರ್ಮಿಂದೊ ಸೂಪಿನ ಬಟ್ಟಲನ್ನು ದೂರ ತಳ್ಳಿದ. ಈಗ ಅವನ ದನಿ ಏರಿತು.

ಅರ್ಮಿಂದೊ: ಸರಿ, ನಾನೇ ಕೇಳ್ತೀನಿ. ಹಳೇ ಸಾಮಾನು ಮಾರೋದ್ರಿಂದ ಡಾಕ್ಟರ್‌ಗೆ ಏನು ಬರುತ್ತೆ? ಏನು ಕಲಿತೆ ನೀನು? ಹಳೇ ಪೇಪರಲ್ಲಿ ಟೀಪಾಟು ಸುತ್ತೋದಾ?

ನತಾಲಿಯ: ಕೆಟ್ಟ ಸುದ್ದಿ ಹೇಳೋದು.

ಅರ್ಮಿಂದೊ: ಏನು?

ನತಾಲಿಯ: ಕೆಳಗಿನ ಮನೆ ಅಜ್ಜಿ ದೋನ ಇದಲೀನ ಅವರ ಡಿನ್ನರ್ ಸೆಟ್ ನೆನಪಿದ್ಯಾ? ಮದುವೇಲಿ ಬಂದಿದ್ದು, ಒಂದಿನಾನೂ ಅದರಲ್ಲಿ ಊಟ ಮಾಡಿರಲಿಲ್ಲ. ಮಾರಿದ್ರೆ ಲಿಸ್ಬನ್‌ಗೆ ಹೋಗಿ ಬರಬಹುದು ಅಂದ್ಕೊಂಡಿದ್ರು. ಅದು ಬಸ್ ಚಾರ್ಜಿಗೂ ಸಾಲಲ್ಲ ಅಂತ ಹೇಳಬೇಕಾಗಿದ್ದು ನಾನು.

ಅರ್ಮಿಂದೊ: ಅಯ್ಯೋ, ಆ ಮುದುಕೀನ ಅಳಿಸಿದ್ದು ನೀನಾ?

ನತಾಲಿಯ: ಹೌದು, ಅತ್ರು. ಮೊದಲು ನಾನು ಬೆಲೆ ಮಾತೇ ಆಡಲಿಲ್ಲ. ಯಾರು ಕೊಟ್ಟಿದ್ದು ಅಂತ ಕೇಳಿದೆ. ಅವರು ಹೇಳ್ತಾ ಹೋದ್ರು, ನಾನು ಕೇಳ್ತಾ ಕೂತೆ. ಆಮೇಲೆ ಬೆಲೆ ಹೇಳಿದೆ, ಸುತ್ತಿಬಳಸದೆ. ಹೇಳಿ ಎದ್ದು ಬರಲಿಲ್ಲ. ಅಲ್ಲೇ ಕೂತಿದ್ದೆ.

ಲೂರ್ದಿಸ್: ಈಗ ದಿನಾ ಅದೇ ತಟ್ಟೇಲಿ ಊಟ ಮಾಡ್ತಾರೆ ಆಯಮ್ಮ. ಮೊನ್ನೆ ನಂಗೂ ಬಡಿಸಿದ್ರು. ಮೀನು ರುಚಿಯಿರಲಿಲ್ಲ, ತಟ್ಟೆ ಮಾತ್ರ ಚೆನ್ನಾಗಿತ್ತು.

ಅರ್ಮಿಂದೊ ತಳ್ಳಿದ್ದ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ.

ಅರ್ಮಿಂದೊ: ಬರಿ ಹಾಗಾದ್ರೆ. ‘ಉದ್ಯಮ’ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕು.

ಅರ್ಜಿ ಹೋಯಿತು. ಚಳಿಗಾಲ ಶುರುವಾಗುವ ಹೊತ್ತಿಗೆ ಒಂದೇ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು, ಅದೂ ವಿಡಿಯೊದಲ್ಲಿ. ನತಾಲಿಯ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅದೇ ಅಡುಗೆಮನೆಯ ಮೇಜಿಗೆ ಬಂದು ಕೂತಳು. ಅಪ್ಪ ಅಮ್ಮ ಬಾಗಿಲ ಹಿಂದೆ ನಿಂತರು. ಪರದೆಯಲ್ಲಿ ಕಂಡವರು ಡಾಕ್ಟರ್ ಪೆನ್‌ರೋಸ್, ನರೆಗೂದಲಿನ, ನಗು ಕಡಿಮೆಯ ಹೆಂಗಸು. ಗಾಲಿಕುರ್ಚಿಯ ಬಗ್ಗೆ ಕೇಳಲಿಲ್ಲ, ಇಲಿಯ ಬಗ್ಗೆಯೂ ಕೇಳಲಿಲ್ಲ. ಬಗ್ಗಿ, ಒಂದು ಹಸಿರು ಗಾಜಿನ ಹೂದಾನಿಯನ್ನು ತೆಗೆದು ಕ್ಯಾಮೆರಾದ ಮುಂದೆ ಹಿಡಿದರು.

ಪೆನ್‌ರೋಸ್: ಇದಕ್ಕೆ ಎಷ್ಟು ಬರುತ್ತೆ?

ನತಾಲಿಯ: ಬುಡ ಸ್ವಲ್ಪ ತೋರಿಸ್ತೀರಾ, ಮೇಡಂ? ಹಾಂ. ಯಾರು ಕೊಟ್ಟಿದ್ದು ಇದನ್ನ?

ಪೆನ್‌ರೋಸ್: ನಮ್ಮ ಅತ್ತೆ.

ನತಾಲಿಯ: ಅವರ ಜೊತೆ ಚೆನ್ನಾಗಿದ್ರಾ?

ಬಾಗಿಲ ಹಿಂದೆ ಅರ್ಮಿಂದೊ ತಲೆ ಚಚ್ಚಿಕೊಂಡ. ಸೀಟು ಕೊಡುವವರ ಹತ್ತಿರ ಅತ್ತೆ ಸೊಸೆ ಜಗಳ ಕೆದಕುತ್ತಾಳಲ್ಲ!

ಪೆನ್‌ರೋಸ್: ಚೆನ್ನಾಗೇನೂ ಇರಲಿಲ್ಲ. ನಮ್ಮಿಬ್ಬರಿಗೆ ಮಾತೇ ಸರಿಹೋಗ್ತಿರಲಿಲ್ಲ. ಸಾಯೋ ಮುಂಚೆ ಕರೆದು ಕೊಟ್ರು, ಇದು ತುಂಬಾ ಬೆಲೆಬಾಳೋ ವಸ್ತು ಅಂತ.

ನತಾಲಿಯ: ಅವರು ಅದನ್ನ ನಂಬಿದ್ರಾ?

ಪೆನ್‌ರೋಸ್: ಪೂರ್ತಿ ನಂಬಿದ್ರು.

ನತಾಲಿಯ: ಮೇಡಂ, ಇದು ಸೋಪಿನ ಪುಡಿ ಡಬ್ಬದ ಜೊತೆ ಪುಕ್ಕಟೆ ಕೊಡ್ತಿದ್ದ ಹೂದಾನಿ. ಮಾರಿದ್ರೆ ಒಂದು ಡಾಲರೂ ಬರಲ್ಲ.

ಲೂರ್ದಿಸ್ ಗಂಡನ ಬಾಯಿಗೆ ಕೈ ಅಡ್ಡ ಇಟ್ಟಳು. ತಡವಾಗಿತ್ತು.

ಅರ್ಮಿಂದೊ (ಬಾಗಿಲ ಹಿಂದಿನಿಂದ): ಎರಡು ಡಾಲರ್ ಅನ್ನೇ!

ಪೆನ್‌ರೋಸ್: ಯಾರದು?

ನತಾಲಿಯ: ನಮ್ಮ ಅಪ್ಪ, ಮೇಡಂ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಅಂದ್ಕೊಳ್ಳಿ.

ಡಾಕ್ಟರ ತುಟಿಯ ಒಂದು ಮೂಲೆ ಅಲುಗಾಡಿತು. ನತಾಲಿಯ ಮಾತ್ರ ನಗಲಿಲ್ಲ, ಅವಳ ಮಾತು ಇನ್ನೂ ಮುಗಿದಿರಲಿಲ್ಲ.

ನತಾಲಿಯ: ಆದ್ರೆ ಮೇಡಂ, ತನ್ನ ಹತ್ರ ಇದ್ದಿದ್ದರಲ್ಲಿ ಎಲ್ಲಕ್ಕಿಂತ ದುಬಾರಿ ಇದೇ ಅಂತ ಅಂದ್ಕೊಂಡಿದ್ದವರು ಅದನ್ನ ಸೊಸೆಗೆ ಕೊಟ್ಟು ಹೋದ್ರು. ಅದೂ ನಿಜ.

ಡಾಕ್ಟರ್ ಪೆನ್‌ರೋಸ್ ಹೂದಾನಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಳಗಿಡುವಾಗ ಎರಡು ಕೈಯಲ್ಲಿ ಹಿಡಿದು ಇಟ್ಟರು. ‘ಥ್ಯಾಂಕ್ಸ್’ ಎಂದಷ್ಟೇ ಹೇಳಿದರು. ಪರದೆ ಕಪ್ಪಾಯಿತು.

ಅರ್ಮಿಂದೊ: ಮುಗೀತು. ಅವರತ್ತೆ ಆಸ್ತೀನ ಸೋಪಿನ ಪುಡಿ ಮಾಡಿಬಿಟ್ಟೆ.

ನತಾಲಿಯ: ಸುಳ್ಳು ಹೇಳಬೇಕಿತ್ತಾ?

ಅರ್ಮಿಂದೊ: ನಾನು ಬೊಕ್ಕತಲೆಯೋರಿಗೂ ‘ಕೂದಲು ಸೊಂಪಾಗಿದೆ’ ಅಂತ ಹೇಳಿ ಸಂಸಾರ ಸಾಕಿದೀನಿ ಕಣಮ್ಮಾ!

ವಾರಗಳು ಕಳೆದವು. ಕಾಲೇಜಿನ ಸುದ್ದಿಯಿಲ್ಲ. ನತಾಲಿಯ ಅದರ ಮಾತೆತ್ತುವುದನ್ನೇ ಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಡಬ್ಬ ಕಟ್ಟುತ್ತ ಕೂತಳು. ಅವಳ ಮುಖ ನೋಡಲಾಗದೆ ಅರ್ಮಿಂದೊ ಅಂಗಡಿಗೆ ರಜೆಯಿದ್ದ ಸೋಮವಾರಗಳಲ್ಲಿ ತಾನೂ ಜೊತೆಗೆ ಕೂತು ಟೇಪು ಹಚ್ಚಿದ. ಗಿರಾಕಿಗಳ ಫೋನು ಬಂದರೆ ಅವನೇ ಎತ್ತಿ ಮಾತಾಡುವಷ್ಟು ಪಳಗಿದ. ಅಂಥದೊಂದು ಸೋಮವಾರ ಮಗಳು ಪೋಸ್ಟಾಫೀಸಿಗೆ ಹೋಗಿದ್ದಾಗ, ಮೇಜಿನ ಮೇಲೆ ಚಾರ್ಜಿಗಿಟ್ಟಿದ್ದ ಅವಳ ಫೋನು ಬಡಿದುಕೊಂಡಿತು.

ಅರ್ಮಿಂದೊ: ಹಲೋ! ಒಡೆದಿದ್ರೆ ಫೋಟೊ ಕಳಿಸಿ.

ಫೋನು: ಏನೂ ಒಡೆದಿಲ್ಲ. ನತಾಲಿಯ ಮೆದೇರೊಸ್...

ಅರ್ಮಿಂದೊ: ಇಲ್ಲ, ಹೊರಗೆ ಹೋಗಿದಾಳೆ. ಏನು ಬೇಕಿತ್ತು ಹೇಳಿ.

ಫೋನು: ಅವರೇ ಬೇಕು. ಸಮಿತಿಯಲ್ಲಿ ಎಲ್ಲರೂ ನೋಡಿದೀವಿ. ತಗೊಳ್ಳೋದು ಅಂತ ತೀರ್ಮಾನ ಆಗಿದೆ.

ಅರ್ಮಿಂದೊ: ಎಲ್ಲರೂ ಸರಿಯಾಗಿ ನೋಡಿದೀರಿ ತಾನೆ? ಆಮೇಲೆ ಚಿಕ್ಕದಾಯ್ತು, ಬಣ್ಣ ಹಿಡಿಸಲಿಲ್ಲ ಅನ್ನಬಾರದು. ನಮ್ಮಲ್ಲಿ ತಗೊಂಡಿದ್ದನ್ನ ವಾಪಸ್ ತಗೊಳ್ಳಲ್ಲ.

ಫೋನಿನಲ್ಲಿ ಒಬ್ಬ ಹೆಂಗಸು ಬಿದ್ದು ಬಿದ್ದು ನಗುವುದು ಕೇಳಿಸಿತು.

ಫೋನು: ನಾನು ಮೆಡಿಕಲ್ ಕಾಲೇಜಿನ ಡಾಕ್ಟರ್ ಪೆನ್‌ರೋಸ್. ವಾಪಸ್ ಕೊಡೋ ಯೋಚನೆ ನಮಗಿಲ್ಲ.

ಅರ್ಮಿಂದೊ ಫೋನಿಟ್ಟು ಗೋಡೆ ಹಿಡಿದುಕೊಂಡು ನಿಂತ. ಹಿಟ್ಟಿನ ಕೈಯಲ್ಲೇ ಲೂರ್ದಿಸ್ ಓಡಿ ಬಂದಳು.

ಲೂರ್ದಿಸ್: ಯಾಕೆ ಹಾಗೆ ನಿಂತಿದೀಯ? ಯಾರದು? ಏನು ಮಾರಿದೆ?

ಅರ್ಮಿಂದೊ: ಮಗಳನ್ನ! ಚೌಕಾಸಿ ಕೂಡ ಮಾಡಲಿಲ್ಲ ಕಣೇ!