ಲಕ್ಷ್ಮಿ ಕುಂಟುತ್ತಿದ್ದಾಳೆ

ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬಹಳ ವರ್ಷ ದುಡಿದ ನನಗೆ ಒಂದೇ ಹೆಮ್ಮೆ: ಪರಿಶೀಲಿಸದೆ ಒಂದಕ್ಷರವನ್ನೂ ಅಚ್ಚಿಗೆ ಬಿಟ್ಟವನಲ್ಲ. ಎಂಬತ್ತರ ದಶಕದಲ್ಲಿ ಹೆಂಡತಿ ಶೈಲಾಳ ನರ್ಸ್ ಕೆಲಸದ ಬೆನ್ನು ಹತ್ತಿ ಅಮೆರಿಕದ ನೆವಾರ್ಕಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಪರಿಶೀಲಿಸಲು ಏನೂ ಇರಲಿಲ್ಲ. ಆದ್ದರಿಂದ ದನಗಳನ್ನು ಪರಿಶೀಲಿಸಲು ಒಪ್ಪಿಕೊಂಡೆ.

ವಿಷಯ ಇಷ್ಟು. ಊರಾಚೆಯ ಗುಡ್ಡದಲ್ಲಿ ಕುರುಚಲು ಗಿಡಗಳ ರಕ್ಷಿತ ಪ್ರದೇಶವೊಂದಿತ್ತು. ಕಾಡುಹೂಗಳನ್ನು ಹುಲ್ಲು ಮುಚ್ಚಿಬಿಡಬಾರದೆಂದು ಅಲ್ಲಿ ದನ ಮೇಯಲು ಬಿಡುತ್ತಿದ್ದರು. ಶನಿವಾರ ಬೆಳಿಗ್ಗೆ ಒಬ್ಬ ವಾಲಂಟಿಯರ್ ಸುತ್ತು ಹಾಕಿ, ತೊಟ್ಟಿಯಲ್ಲಿ ನೀರಿದೆಯೇ, ಗೇಟು ಮುಚ್ಚಿದೆಯೇ, ಯಾವ ದನವಾದರೂ ಕುಂಟುತ್ತಿದೆಯೇ ನೋಡಿ, ಅವುಗಳ ಮಾಲೀಕ ಜಿಮ್‌ಗೆ ಫೋನ್ ಮಾಡಬೇಕು. ಹತ್ತಿರ ಹೋಗುವಂತಿಲ್ಲ.

“ನಿಮಗೆ ದನದ ವಿಷಯ ಏನ್ರೀ ಗೊತ್ತು?” ಎಂದಳು ಶೈಲಾ.

“ಬಸವನಗುಡಿಯಲ್ಲಿ ಹುಟ್ಟಿ ಬೆಳೆದೋನು ಕಣೇ ನಾನು! ದಿನಾ ನನ್ನ ಸ್ಕೂಟರಿಗೆ ಅಡ್ಡ ಬರ್ತಿದ್ದಿದ್ದೇನು, ಆನೆಗಳಾ?”

ಕರ್ತವ್ಯಪ್ರಜ್ಞೆ ಎಷ್ಟಿತ್ತೆಂದರೆ, ಒಂದೊಂದಕ್ಕೂ ಹೆಸರಿಟ್ಟೆ. ಗೌರಿ, ಗಂಗೆ, ಕಪಿಲೆ, ಲಕ್ಷ್ಮಿ. ಒಂದು ವಾರ ಜಿಮ್‌ಗೆ ಫೋನ್ ಮಾಡಿ, “ಲಕ್ಷ್ಮಿ ಕುಂಟುತ್ತಿದ್ದಾಳೆ” ಎಂದು ವರದಿ ಒಪ್ಪಿಸಿದೆ. ಲಕ್ಷ್ಮಿ ಎಂದರೆ ಹಣೆಯಲ್ಲಿ ಬಿಳಿ ಮಚ್ಚೆ ಇರುವವಳು, ನಮ್ಮಲ್ಲಿ ಅದು ಸಂಪತ್ತಿನ ದೇವತೆಯ ಹೆಸರು ಎಂದೂ ವಿವರಿಸಿದೆ. ಜಿಮ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಕ್ತಿಯಿರಬೇಕು ಎಂದುಕೊಂಡೆ.

ಹೀಗಿರುವಾಗ ನಮ್ಮ ಪರಿಚಯದ, ಉಡುಪಿ ಕಡೆಯ ವಸಂತಿ ಅಕ್ಕ ಕೊಲ್ಲಿಯ ಆಚೆ ದಡದ ಫಾಸ್ಟರ್ ಸಿಟಿಯಲ್ಲಿ ಮನೆ ಕೊಂಡರು. ನೀರಿನಂಚಿನ ಮನೆ, ಗೋಡೆಯಿಂದ ಗೋಡೆಗೆ ಹೊಚ್ಚಹೊಸ ಕಾರ್ಪೆಟ್ಟು. ಗೃಹಪ್ರವೇಶಕ್ಕೆ ಪಂಚಗವ್ಯ ಬೇಕು. ಹಾಲು, ಮೊಸರು, ತುಪ್ಪ ಗ್ರೋಸರಿಯಲ್ಲಿ ಸಿಗುತ್ತವೆ. ಸಗಣಿ ಮತ್ತು ಗಂಜಲ?

“ಅವೆರಡು ನನಗೆ ಬಿಡಿ ಅಕ್ಕಾ,” ಎಂದೆ. “ತಾಜಾ ತಂದುಕೊಡ್ತೀನಿ.”

“ನಿಮ್ಮನ್ನೇ ನಂಬಿದ್ದೇನೆ, ಆಯ್ತಾ? ಊರಿಂದ ಅಮ್ಮ ಬಂದಿದ್ದಾರೆ. ಅವರಿಗೆ ಎಲ್ಲ ಶಾಸ್ತ್ರವೂ ಸರಿಯಾಗಬೇಕು.”

ಗೃಹಪ್ರವೇಶದ ದಿನ ನಸುಕಿನಲ್ಲೇ ಚೊಂಬು, ಖಾಲಿ ಐಸ್‌ಕ್ರೀಮ್ ಡಬ್ಬ ಹಿಡಿದು ಗುಡ್ಡ ಹತ್ತಿದೆ. ಸಗಣಿಗೆ ಬರವಿರಲಿಲ್ಲ. ಬೇಕಾದಲ್ಲೂ ಇತ್ತು, ನನ್ನ ಬೂಟಿನಲ್ಲೂ ಇತ್ತು. ಗಂಜಲಕ್ಕಾಗಿ ನಿಯಮ ಮುರಿದು ಲಕ್ಷ್ಮಿಯ ಬಾಲದ ಹಿಂದೆ ಚೊಂಬು ಚಾಚಿ ನಿಂತೆ. ಅವಳು ನಡೆದಳು. ನಾನೂ ನಡೆದೆ. ಅವಳು ನಿಂತಳು. ನಾನೂ ನಿಂತೆ. ಜಾಗಿಂಗಿಗೆ ಬಂದಿದ್ದ ದಂಪತಿ ನನ್ನನ್ನು ಕಂಡು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದರು!

ಕೊನೆಗೂ ಧಾರೆ ಶುರುವಾಯಿತು. ಆದರೆ ನನ್ನ ಕಡೆಗಲ್ಲ. ಹೊಟ್ಟೆಯ ಕೆಳಗೆ, ನೇರ ನೆಲಕ್ಕೆ! ಅಮೆರಿಕದಲ್ಲಿ ಕಾರಿನ ಸ್ಟಿಯರಿಂಗೂ ಎಡಗಡೆ, ಲೈಟಿನ ಸ್ವಿಚ್ಚೂ ತಲೆಕೆಳಗು. ದನವೂ ಹಾಗೇ ಇದ್ದೀತು. ಪಕ್ಕದಿಂದ ನುಗ್ಗಿ ಚೊಂಬು ತುಂಬಿಸಿದೆ.

ಸ್ಯಾನ್ ಮಟೇಯೊ ಸೇತುವೆಯ ಉದ್ದಕ್ಕೂ ಶೈಲಾ ರೇಷ್ಮೆ ಸೀರೆಯಲ್ಲಿ, ಕಾಲಸಂದಿಯಲ್ಲಿ ಚೊಂಬು ಇಟ್ಟುಕೊಂಡು, ಕಿಟಕಿಯಾಚೆ ಮುಖ ಹಾಕಿ ಕೂತಿದ್ದಳು. ಟೋಲ್ ಬೂತಿನವನು ಒಂದೇ ಉಸಿರು ಎಳೆದು, ಹೋಗಿ ಹೋಗಿ ಎಂದು ಕೈಬೀಸಿದ.

ಪೂಜೆ ಸಾಂಗವಾಗಿ ನಡೆಯಿತು. ವಾರವಿಡೀ ಇಂಜಿನಿಯರ್, ರಜಾದಿನ ಪುರೋಹಿತರಾದ ಭಟ್ಟರು ಪಂಚಗವ್ಯವನ್ನು ಕೋಣೆಕೋಣೆಗೂ ಪ್ರೋಕ್ಷಿಸಿದರು. ಎಲ್ಲರೂ ಒಂದೊಂದು ಹನಿ ನಾಲಿಗೆಗೂ ಇಟ್ಟುಕೊಂಡರು. ಎಲ್ಲರ ಬಾಯಲ್ಲೂ ನನ್ನದೇ ಹೊಗಳಿಕೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

“ಇಲ್ಲಿಯ ಹಸುಗಳ ಕ್ರಮವೇ ಬೇರೆ,” ಎಂದು ಊಟದ ಹೊತ್ತಿಗೆ ಉಪನ್ಯಾಸ ಶುರುಮಾಡಿದೆ. “ನಮ್ಮವು ಹಿಂದಕ್ಕೆ ಹುಯ್ಯುತ್ತವೆ. ಇವು ಹೊಟ್ಟೆ ಕೆಳಗಿಂದ!”

ವಸಂತಿ ಅಕ್ಕನ ಅಮ್ಮ ಕಡುಬನ್ನು ಎಲೆಯಲ್ಲೇ ಬಿಟ್ಟು ತಲೆಯೆತ್ತಿದರು.

“ಎಂಥ ಹೇಳಿದ್ರಿ? ಹೊಟ್ಟೆ ಕೆಳಗಿಂದವಾ?”

“ಹೌದಮ್ಮಾ, ಕಣ್ಣಾರೆ ನೋಡಿದ್ದೀನಿ.”

“ಕೆಚ್ಚಲು ಉಂಟಾ ಅದಕ್ಕೆ?”

ಯೋಚಿಸಿದೆ. “ಹುಲ್ಲು ಎತ್ತರ ಇತ್ತಮ್ಮಾ.”

“ಅದು ಹಸು ಅಲ್ಲ ಮಾರಾಯ್ರೆ! ಎತ್ತು!”

ಪಂಕ್ತಿಯಲ್ಲಿ ಕೆಲವರು ನಾಲಿಗೆ ಮುಟ್ಟಿಕೊಂಡರು. ವಸಂತಿ ಅಕ್ಕ ಕಾರ್ಪೆಟ್ಟನ್ನೇ ನೋಡುತ್ತಿದ್ದರು, ಕಣ್ಣು ತುಂಬಿಕೊಂಡು. ನನ್ನನ್ನು ನಂಬಿದ್ದರು ಪಾಪ.

ಭಟ್ಟರೇ ಕಾಪಾಡಿದರು. “ಪಂಚಗವ್ಯ ಇನ್ನೊಂದು ದಿನ ಮಾಡಿದರಾಯ್ತು. ಇವತ್ತು ಸಾಕ್ಷಾತ್ ನಂದಿಯೇ ಮನೆಗೆ ಬಂದ ಅಂತ ತಿಳ್ಕೊಳ್ಳಿ ಅಮ್ಮಾ.”

“ಬರ್ಲಿ ಬರ್ಲಿ,” ಎಂದರು ಅಮ್ಮ. “ಆದ್ರೆ ಕಾರ್ಪೆಟ್ಟು ಇವರೇ ತೊಳೀಲಿ.” ವಸಂತಿ ಅಕ್ಕನಿಗೆ ಫಕ್ಕನೆ ನಗು ಬಂತು. ಆಮೇಲೆ ಇಡೀ ಮನೆಗೆ.

ತೊಳೆದೆ. ಪಂಚೆ ಎತ್ತಿ ಕಟ್ಟಿ, ಕೋಣೆಕೋಣೆಗೂ.

“ಬಸವನಗುಡಿಯಲ್ಲಿ ಹುಟ್ಟಿ ಬೆಳೆದು,” ಎಂದಳು ಶೈಲಾ ವಾಪಸು ಬರುವಾಗ, “ಬಸವನ ಗುರುತು ಸಿಗಲಿಲ್ವೇನ್ರೀ?”

ಪತ್ರಿಕೆಯಲ್ಲಾದರೆ ಇಂಥ ತಪ್ಪಿಗೆ ಒಳಪುಟದ ಮೂಲೆಯಲ್ಲಿ, ಯಾರಿಗೂ ಕಾಣದಂತೆ ತಿದ್ದುಪಡಿ ಹಾಕುತ್ತಿದ್ದೆವು. ಇಲ್ಲಿ ಆ ಅನುಕೂಲ ಇರಲಿಲ್ಲ. ಮುಂದಿನ ಶನಿವಾರ ಗುಡ್ಡದಲ್ಲಿ ಒಂದೊಂದರ ಮುಂದೆಯೂ ಬಗ್ಗಿ, ಪರಿಶೀಲಿಸಿ, ಜಿಮ್‌ಗೆ ಫೋನ್ ಮಾಡಿದೆ.

“ಲಕ್ಷ್ಮಿಯ ಕಾಲು ಹೇಗಿದೆ?” ಎಂದು ಕೇಳಿದ.

“ಲಕ್ಷ್ಮಣನ ಕಾಲು ವಾಸಿಯಾಗಿದೆ,” ಎಂದೆ.

ಆ ಕಡೆ ಮತ್ತೆ ಮೌನ. ಈ ಸಲ ಅದು ಭಕ್ತಿಯಲ್ಲ ಎಂದು ಗೊತ್ತಾಯಿತು. ಜಿಮ್ ರಿಸೀವರಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.